ಇರುಳಲ್ಲಿ ಹೆಲಿಕಾಪ್ಟರಿನ ಮೂತಿ ಯಾವ ಕಡೆ?

ರೇಡಿಯೊ ನಿಯಂತ್ರಿತ ಪುಟ್ಟ ಹೆಲಿಕಾಪ್ಟರನ್ನು ಹಗಲಲ್ಲಿ ಹಾರಿಸುವುದೇ ಕಷ್ಟ. ಅದು ಹಾರಿಸುವವರತ್ತ ಮೂತಿ ತಿರುಗಿಸಿತೆಂದರೆ ಎಡಬಲಗಳು ಅದಲುಬದಲು. ಇನ್ನು ಕತ್ತಲಲ್ಲಿ ಮೂತಿ ಯಾವುದು, ಬಾಲ ಯಾವುದು?

ಉತ್ತರ ದೊಡ್ಡ ವಿಮಾನಗಳಲ್ಲೇ ಇದೆ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ ದೀಪ. ಕೆಂಪು ನಮ್ಮ ಎಡಕ್ಕೆ ಕಂಡರೆ ಮೂತಿ ಆಚೆಗಿದೆ. ಬಲಕ್ಕೆ ಕಂಡರೆ ನಮ್ಮತ್ತಲೇ ಇದೆ.

ಹಗುರವಾದ ಎಲ್‌ಇಡಿ ಇದಕ್ಕೆ ತಕ್ಕ ದೀಪ. ಆದರೆ ಬ್ಯಾಟರಿಗೆ ನೇರ ಜೋಡಿಸಿದರೆ ಸುಟ್ಟೀತು. ಪೂರ್ತಿ ಚಾರ್ಜಾದ ಮೂರು ಕೋಶಗಳ ಲಿಥಿಯಂ ಬ್ಯಾಟರಿ ಕೊಡುವುದು 12.6 ವೋಲ್ಟ್. ಸರಣಿಯಲ್ಲಿಟ್ಟ ಮೂರು ಬಿಳಿ ಎಲ್‌ಇಡಿಗಳಿಗೆ ಸುಮಾರು 9 ವೋಲ್ಟ್ ಸಾಕು. ಮಿಕ್ಕ 3.6 ವೋಲ್ಟಿಗೆ 180 ಓಮ್ ರೋಧಕ ಹಾಕಿದರೆ ಪ್ರವಾಹ 20 ಮಿಲಿಆಂಪಿಯರಿಗೆ ನಿಲ್ಲುತ್ತದೆ.

ಬ್ಲೇಡಿಗೆ ದೀಪ ಅಂಟಿಸುವ ಆಸೆ ಮಾತ್ರ ಅಪಾಯಕರ. ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ನಡುವಿನಿಂದ 60 ಸೆಂಟಿಮೀಟರ್ ದೂರದಲ್ಲಿರುವ 1 ಗ್ರಾಂ ದೀಪ ಎರಡೂವರೆ ಕಿಲೋಗೂ ಮೀರಿದ ಭಾರದಂತೆ ಹೊರಕ್ಕೆ ಜಗ್ಗುತ್ತದೆ. ಕಿತ್ತುಬಂದರೆ ಗಂಟೆಗೆ 450 ಕಿಲೋಮೀಟರ್ ವೇಗದಲ್ಲಿ ಸಿಡಿಯುತ್ತದೆ! ಆದ್ದರಿಂದ ದೀಪವನ್ನು ಒಳಗೇ ಹುದುಗಿಸಿ ತಯಾರಿಸಿದ ಬ್ಲೇಡುಗಳನ್ನೇ ಬಳಸುವುದು ಕ್ಷೇಮ. ಅವು ತಿರುಗುವಾಗ ಕಣ್ಣಿಗೆ ಬೆಳಕಿನ ತಟ್ಟೆಯಾಗಿ ಕಾಣುತ್ತವೆ. ಯಂತ್ರ ಎತ್ತ ವಾಲಿದೆಯೆಂಬುದನ್ನು ಆ ತಟ್ಟೆಯೇ ಹೇಳುತ್ತದೆ.