ಖಂಡಾಲಾ ಘಾಟಿಯೂ ಸ್ಪೋರ್ಟ್ಸ್ ಕಾರೂ
ಭಾನುವಾರ ಬೆಳಗಾಯಿತೆಂದರೆ ಮುಂಬಯಿ, ಪುಣೆಗಳ ಸ್ಪೋರ್ಟ್ಸ್ ಕಾರುಗಳು ಲೋಣಾವಳಾದತ್ತ ಮುಖಮಾಡುತ್ತವೆ. ಮರಳುವಾಗ ಜೊತೆಗೆ ಚಿಕ್ಕಿಯ ಪೊಟ್ಟಣ! ಈ ಶೋಕಿಯ ಯಜಮಾನರಲ್ಲಿ ಹಲವರು ಹಣ ಸುರಿಯುವುದು ಸೈಲೆನ್ಸರಿನ ಗರ್ಜನೆಗೆ. ಆದರೆ ಖಂಡಾಲಾ ಘಾಟಿಯ ಇಳಿಜಾರು ಪರೀಕ್ಷಿಸುವುದು ಬ್ರೇಕನ್ನು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವಂಥದು. ಇಲ್ಲಿಯ ಮಳೆಗಾಲದಲ್ಲಿ ತೇವಕ್ಕೆ ಬರವೇ? ಇಳಿಯುವಾಗ ಬ್ರೇಕು ಕಾದರೆ ಆ ನೀರು ಆವಿಯಾಗಿ, ಪೆಡಲು ಮೆತ್ತಗಾಗಿ, ತುಳಿದರೂ ಗಾಡಿ ನಿಲ್ಲದು. ಆದುದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಎರಡು-ಮೂರನೆಯ ಗೇರಿನಲ್ಲೇ ಇಳಿಯಬೇಕು. ಇನ್ನು ಮಾರ್ಪಾಡಿನ ಮಾತು. ತಯಾರಕರು ನಮೂದಿಸಿದ ಮೂಲ ರಚನೆಯನ್ನು ಮನಬಂದಂತೆ ಬದಲಿಸಲಾಗದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಆಯಿಲು, ಪ್ಯಾಡುಗಳನ್ನು ಹೊಸದಾಗಿಡಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ನಮ್ಮ ಸಾಧಾರಣ ಕಾರುಗಳಲ್ಲಿರುವುದೂ ಅಂಥದೇ ಆಯಿಲ್.