ವೇಗದ ಓಟಗಾರರಿಂದ ನಿಧಾನದ ಪಾಠ

ಕಾವೇರಿ ತೀರದ ರಾಮನಾಥಪುರದ ಸುತ್ತಲಿನ ರಸ್ತೆಗಳಲ್ಲಿ ನಸುಕಿನ ವೇಳೆ ನಡೆದಾಡುವವರಿಗೆ ಓಟದ ಅಭ್ಯಾಸದಲ್ಲಿ ತೊಡಗಿದ ತರುಣರು ಕಾಣಸಿಗುತ್ತಾರೆ. ಕೆಲವರು ಪೊಲೀಸ್ ಹುದ್ದೆಗೆ, ಕೆಲವರು ಸೈನ್ಯದ ಭರ್ತಿಗೆ ಸಿದ್ಧರಾಗುತ್ತಿರುವವರು. ಕಾನ್‌ಸ್ಟೆಬಲ್ ಹುದ್ದೆಗೆ ಪುರುಷ ಅಭ್ಯರ್ಥಿಗಳು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕು. ಆ ಓಟದ ಹಿಂದೆ ಒಂದು ಮನೆಯ ಅನ್ನವಿದೆ, ತಂದೆತಾಯಿಯರ ನಿರೀಕ್ಷೆಯಿದೆ. ಆದ್ದರಿಂದಲೇ ಹಲವರು ಪ್ರತಿದಿನವೂ ಏದುಸಿರು ಬಿಡುತ್ತ ಶಕ್ತಿ ಮೀರಿ ಓಡುತ್ತಾರೆ. ಕೆಲವೇ ವಾರಗಳಲ್ಲಿ ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಮೂಳೆಯಲ್ಲಿ ನೋವು ತಲೆದೋರುತ್ತದೆ. ಪರೀಕ್ಷೆಯ ದಿನ ಬರುವ ಮೊದಲೇ ಓಟ ನಿಂತುಹೋಗುತ್ತದೆ. ದಿನವೂ ಬಿರುಸಾಗಿ ಓಡಿದರಷ್ಟೇ ವೇಗ ಬರುತ್ತದೆಂಬ ನಂಬಿಕೆಯೇ ಇದಕ್ಕೆ ಮುಖ್ಯ ಕಾರಣ.

ಜಗತ್ತಿನ ಅತಿವೇಗದ ಓಟಗಾರರ ಅಭ್ಯಾಸ ಈ ನಂಬಿಕೆಗೆ ವಿರುದ್ಧವಾದುದು. ಅವರು ನಮಗೆ ಅಪರಿಚಿತರೇನಲ್ಲ. 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿಲೋಮೀಟರ್ ಓಟಕ್ಕೆ ಕೆನ್ಯಾ, ಇಥಿಯೋಪಿಯಾ ಮೊದಲಾದ ಪೂರ್ವ ಆಫ್ರಿಕಾದ ದೇಶಗಳಿಂದ ಓಟಗಾರರು ಬರುತ್ತಾರೆ. ನಮ್ಮ ನಾಡಿನ ಸಾವಿರಾರು ಜನಸಾಮಾನ್ಯರೂ ಅದೇ ಬೀದಿಗಳಲ್ಲಿ ಓಡುತ್ತಾರೆ. 2022ರಲ್ಲಿ ಕೆನ್ಯಾದ ನಿಕೋಲಸ್ ಕಿಮೆಲಿ ಆ ದೂರವನ್ನು 27 ನಿಮಿಷ 38 ಸೆಕೆಂಡುಗಳಲ್ಲಿ ಕ್ರಮಿಸಿದರು. ಎಂದರೆ ಕಿಲೋಮೀಟರಿಗೆ ಸುಮಾರು ಎರಡು ಮುಕ್ಕಾಲು ನಿಮಿಷ. ಆ ವೇಗದಲ್ಲಿ 1,600 ಮೀಟರ್ ನಾಲ್ಕೂವರೆ ನಿಮಿಷದೊಳಗೆ ಮುಗಿಯುತ್ತದೆ!

ಇಂಥ ಓಟಗಾರರು ಬೆಳೆಯುವ ಊರುಗಳಲ್ಲಿ ಕೆನ್ಯಾದ ಇಟೆನ್ ಪ್ರಸಿದ್ಧವಾದುದು. ಅದು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಅಲ್ಲಿಯ ತೆಳುವಾದ ಗಾಳಿಗೆ ಹೊಂದಿಕೊಳ್ಳಲು ಶರೀರವು ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆದುದರಿಂದ ಅನೇಕ ದೇಶಗಳ ಓಟಗಾರರು ಅಲ್ಲಿಗೆ ಹೋಗಿ ಕೆನ್ಯಾದವರ ಜೊತೆಗೂಡಿ ಅಭ್ಯಾಸ ಮಾಡುತ್ತಾರೆ. ಹಾಗೆ ಹೋದವರನ್ನು ಬೆರಗುಗೊಳಿಸುವುದು ಆ ಓಟಗಾರರ ನಿಧಾನ. ಮುಂಜಾನೆ ಮಣ್ಣಿನ ದಾರಿಯಲ್ಲಿ ಗುಂಪಾಗಿ ಹೊರಡುವ ಅವರು ಹಗುರ ಓಟದ ದಿನಗಳಲ್ಲಿ ಮೊದಮೊದಲು ನಡಿಗೆಗಿಂತ ತುಸುವೇ ವೇಗವಾಗಿ, ಪರಸ್ಪರ ಮಾತನಾಡುತ್ತ ಸಾಗುತ್ತಾರೆ. ಇದಕ್ಕೆ ಒಪ್ಪುವ ಮಾತು ಸ್ವಾಹಿಲಿ ಭಾಷೆಯ 'ಪೊಲೆ ಪೊಲೆ'. ಮೆಲ್ಲ ಮೆಲ್ಲನೆ ಎಂದರ್ಥ. ಬಿರುಸಿನ ಅಭ್ಯಾಸ ವಾರದಲ್ಲಿ ಎರಡು ಮೂರು ದಿನ ಮಾತ್ರ.

ಈ ಕ್ರಮಕ್ಕೆ ದೇಹಧರ್ಮದ ಆಧಾರವಿದೆ. ದೀರ್ಘಕಾಲದ ನಿಧಾನ ಓಟದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ದೂಡಲು ಸಮರ್ಥವಾಗುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಉಸಿರಾಟವೂ ಸ್ನಾಯುಗಳೂ ಬೇಗ ಪಳಗುತ್ತವೆ. ಆದರೆ ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಅವುಗಳಿಗೆ ಬಿಡುವು ಕೊಡದವರ ಕಾಲು ನೋಯುವುದು ಸಹಜ.

ಅವರ ಜೀವನಕ್ರಮವೂ ಗಮನಾರ್ಹವಾದುದು. 2016 ಮತ್ತು 2020ರ ಒಲಿಂಪಿಕ್ಸ್‌ಗಳ ಮ್ಯಾರಥಾನ್ ಚಿನ್ನ ಗೆದ್ದ ಎಲಿಯುಡ್ ಕಿಪ್ಚೊಗೆ ಕಪ್ಟಗಾಟ್‌ನ ಶಿಬಿರದಲ್ಲಿ ಸಹ ಓಟಗಾರರೊಡನೆ ಇದ್ದು, ತಮ್ಮ ಸರದಿ ಬಂದಾಗ ಶೌಚಾಲಯವನ್ನೂ ಸ್ವಚ್ಛಗೊಳಿಸುತ್ತಿದ್ದರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ನಮಗೆ ಇದರ ಮರ್ಮ ತಿಳಿಯದಿರದು. ರಾತ್ರಿಯ ದೀರ್ಘ ನಿದ್ರೆ, ಮಧ್ಯಾಹ್ನದ ವಿಶ್ರಾಂತಿ ಅಲ್ಲಿ ಅಭ್ಯಾಸದ ಭಾಗವೇ ಆಗಿವೆ. ಊಟವೂ ಸರಳ: ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಂಥ 'ಉಗಾಲಿ', ಸೊಪ್ಪು, ಕಾಳು, ಹಾಲು. ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡೇ. ಸಾವಿರಾರು ವರ್ಷಗಳ ಹಿಂದೆ ಅದು ಭಾರತಕ್ಕೆ ಬಂದಿತು. ಅಲ್ಲಿ ಇಂದಿಗೂ ರಾಗಿಯ ಗಂಜಿಯನ್ನು ಕುಡಿಯುತ್ತಾರೆ. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅಕ್ಕಿ ಗೋಧಿಗಳಿಗಿಂತ ರಾಗಿಯಲ್ಲಿ ಬಹಳ ಹೆಚ್ಚು. ಹಾಸನ ಸೀಮೆಯ ಮನೆಗಳಲ್ಲಿ ಸಹಜವಾಗಿ ದೊರೆಯುವ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆಗಳನ್ನು ಬಿಟ್ಟು ದುಬಾರಿ ಪುಡಿಗಳ ಬೆನ್ನುಹತ್ತುವ ಅಗತ್ಯ ನಮ್ಮ ತರುಣರಿಗಿಲ್ಲ.

ಓಟದ ಪರೀಕ್ಷೆಗೆ ಸಿದ್ಧರಾಗುವವರು ವಾರದಲ್ಲಿ ಎರಡು ದಿನ ಮಾತ್ರ ಬಿರುಸಾಗಿ ಓಡಲಿ. ಒಂದು ದಿನ ಪೂರ್ಣ ವಿಶ್ರಾಂತಿಯಿರಲಿ. ಉಳಿದ ದಿನಗಳಲ್ಲಿ ಜೊತೆಗಾರರೊಡನೆ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಲಿ. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ತಿಳಿಯಬೇಕು. ಡಾಂಬರು ರಸ್ತೆಗಿಂತ ಮಣ್ಣಿನ ದಾರಿ ಕಾಲಿಗೆ ಹಿತ. ಮೂಳೆಯ ಒಂದೇ ಜಾಗವನ್ನು ಒತ್ತಿದಾಗ ನೋವಾದರೆ ಓಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಲವತ್ತು ದಾಟಿದವರಿಗೆ ಬಿರುಸಿನ ನಡಿಗೆಯೇ ಒಳ್ಳೆಯ ಆರಂಭ. ರಕ್ತದೊತ್ತಡ, ಮಧುಮೇಹ ಅಥವಾ ಎದೆನೋವು ಇರುವವರು ವೈದ್ಯರ ಸಲಹೆಯಿಲ್ಲದೆ ಓಟಕ್ಕೆ ತೊಡಗಬಾರದು.

ಓಡುವ ಮಕ್ಕಳಿರುವ ಮನೆಯ ಹಿರಿಯರಲ್ಲಿಯೂ ಒಂದು ವಿನಂತಿ. ಮಗನೋ ಮಗಳೋ ಒಂದು ದಿನ ಮೆಲ್ಲನೆ ಓಡಿ ಬಂದರೆ, ಮತ್ತೊಂದು ದಿನ ಓಡದೆ ಮಲಗಿದರೆ, ಸೋಮಾರಿತನವೆಂದು ಜರೆಯದಿರಿ. ಆ ವಿಶ್ರಾಂತಿಯಲ್ಲಿಯೇ ಅವರ ಕಾಲುಗಳು ಬಲಗೊಳ್ಳುತ್ತಿರುತ್ತವೆ.