ಸೃಷ್ಟಿಸಿದವನು ಬಿಟ್ಟು ನಡೆದರೆ

ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದಿಳಿದ ತರುಣ ರವೀಂದ್ರನಾಥ ಠಾಕೂರರು, ಒಂದು ಬೆಳದಿಂಗಳ ರಾತ್ರಿ ಕಾಳೀನದಿಯಲ್ಲಿ ದೋಣಿಯೇರಿ ಬಹುದೂರ ಸಾಗಿ, ಹಿಂದಿರುಗುವಾಗ ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ ವೃತ್ತಾಂತವನ್ನು ತಮ್ಮ ಜೀವನಸ್ಮೃತಿಯಲ್ಲಿ ವರ್ಣಿಸಿದ್ದಾರೆ. ಆ ವಾಸ್ತವ್ಯದ ಫಲವೇ ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ‘ಪ್ರಕೃತಿಯ ಸೇಡು’ ಎಂಬ ನಾಟಕ. ಸಕಲ ಬಂಧನಗಳನ್ನೂ ಹರಿದೊಗೆದು ಪ್ರಕೃತಿಯನ್ನು ಜಯಿಸಿದೆನೆಂದು ಗುಹೆಯಿಂದ ಹೊರಬರುವ ಸಂನ್ಯಾಸಿಯೊಬ್ಬನನ್ನು, ಊರವರೆಲ್ಲರೂ ದೂರವಿಟ್ಟ ಅನಾಥ ಬಾಲಿಕೆಯೊಬ್ಬಳು ತಂದೆಯೆಂದು ಕರೆದು ಆಶ್ರಯಿಸುತ್ತಾಳೆ. ತನ್ನಲ್ಲಿ ಮಮತೆ ಮೊಳೆಯುತ್ತಿರುವುದನ್ನು ಕಂಡು ಭೀತನಾದ ಅವನು ಆಕೆಯನ್ನು ತೊರೆದು ಓಡುತ್ತಾನೆ. ಓಡಿದವನಿಗೆ ಅರಿವುಂಟಾಗಿ ಮರಳಿ ಬರುವಷ್ಟರಲ್ಲಿ ಆಕೆ ಬದುಕಿರುವುದಿಲ್ಲ.

ಈ ನಾಟಕದಲ್ಲಿ ಯಂತ್ರವೂ ಇಲ್ಲ, ಪ್ರಯೋಗಶಾಲೆಯೂ ಇಲ್ಲ. ಆದರೂ ವೈಜ್ಞಾನಿಕ ಕಥೆಗಳಿಗೆ ಮೂಲವೆಂದು ಅನೇಕರು ಎಣಿಸುವ, ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಪಕ್ಕದಲ್ಲಿ ಇದನ್ನಿರಿಸಿ ಓದುವುದು ಉಚಿತವೆಂದೇ ನನ್ನ ಮತ. ಶವಗಳ ಅಂಗಾಂಗಗಳನ್ನು ಕೂಡಿಸಿ ಜೀವವೊಂದನ್ನು ನಿರ್ಮಿಸಿದ ವಿಕ್ಟರ್ ಫ್ರಾಂಕೆನ್‌ಸ್ಟೈನನು, ಅದು ಕಣ್ತೆರೆದ ಕ್ಷಣದಲ್ಲಿಯೇ ಹೇಸಿ ಪಲಾಯನ ಮಾಡುತ್ತಾನೆ. ಹಾಗೆ ಪರಿತ್ಯಕ್ತವಾದ ಆ ಜೀವಿಯಾದರೋ ಗುಡಿಸಲೊಂದರ ಮರೆಯಲ್ಲಿ ನಿಂತು ಮನುಷ್ಯರ ಮಾತನ್ನು ಕಲಿತು, ಸ್ನೇಹವನ್ನು ಯಾಚಿಸಿ, ಎಲ್ಲೆಡೆಯಲ್ಲಿಯೂ ತಿರಸ್ಕೃತವಾದ ಮೇಲೆಯೇ ಕೊಲೆಗೆ ಕೈಯೆತ್ತುತ್ತದೆ. ಕೃತಕ ಜೀವ, ಮಾತನಾಡುವ ಯಂತ್ರ, ಅನ್ಯಗ್ರಹದ ಅತಿಥಿ ಎಂದು ವೈಜ್ಞಾನಿಕ ಕಥೆ ಎಷ್ಟು ವೇಷ ಧರಿಸಿದರೂ, ನಿರ್ಮಿಸಿದವನು ನಿರ್ಮಿತಿಯ ಬಳಿ ನಿಲ್ಲುವನೋ ಇಲ್ಲವೋ ಎಂಬ ಪ್ರಶ್ನೆಯೇ ಅದರ ಜೀವನಾಡಿಯೆಂದು ನಾನು ತಿಳಿದಿದ್ದೇನೆ.

ಈ ಪ್ರಶ್ನೆಗೆ ಠಾಕೂರರು ದೋಣಿ ನಡೆಸಿದ ನದಿಯ ತೀರದಲ್ಲಿಯೇ ಮುಂದೊಂದು ದಿನ ಸ್ಥೂಲರೂಪ ದೊರೆಯಿತು. ಅದರ ಮೂಲವನ್ನು ಅರಸಿದರೆ ಮತ್ತೊಂದು ಕಾದಂಬರಿಯೇ ಎದುರಾಗುತ್ತದೆ. ಎಚ್. ಜಿ. ವೆಲ್ಸ್ 1914ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಸೆಟ್ ಫ್ರೀ’ ಕೃತಿಯಲ್ಲಿ, ಪರಮಾಣುವಿನ ಗರ್ಭದ ಶಕ್ತಿಯನ್ನು ಮನುಷ್ಯನು ಬಿಡಿಸಿಕೊಳ್ಳುವುದನ್ನೂ ಅದರಿಂದ ಬಾಂಬುಗಳನ್ನು ಮಾಡಿ ನಗರಗಳನ್ನು ಸುಡುವುದನ್ನೂ ಕಲ್ಪಿಸಿದ್ದನು. ಅದನ್ನು 1932ರಲ್ಲಿ ಓದಿದ ಹಂಗೇರಿಯ ಭೌತವಿಜ್ಞಾನಿ ಲಿಯೊ ಸಿಲಾರ್ಡನಿಗೆ, ಮರುವರ್ಷ ಲಂಡನ್ನಿನ ಬೀದಿಯೊಂದನ್ನು ದಾಟುತ್ತಿರುವಾಗ, ಒಂದು ನ್ಯೂಟ್ರಾನು ಪರಮಾಣುವನ್ನೊಡೆದು ಎರಡು ನ್ಯೂಟ್ರಾನುಗಳನ್ನು ಹೊರಗೆಡಹಿದರೆ ಆ ಕ್ರಿಯೆ ತಾನೇ ತಾನಾಗಿ ಸರಪಳಿಯಂತೆ ಮುಂದುವರಿಯಬಹುದೆಂಬ ವಿಚಾರ ಹೊಳೆಯಿತು. ಬಾಂಬಿನ ನಿರ್ಮಾಣಕ್ಕೆ ಪ್ರೇರಕನಾದ ಈತನೇ, 1945ರ ಜುಲೈ ತಿಂಗಳಲ್ಲಿ, ಅದನ್ನು ಜಪಾನಿನ ಮೇಲೆ ಮುನ್ನೆಚ್ಚರಿಕೆಯಿಲ್ಲದೆ ಪ್ರಯೋಗಿಸಬಾರದೆಂದು ಸುಮಾರು 70 ವಿಜ್ಞಾನಿಗಳ ಸಹಿಯೊಡನೆ ಮನವಿಯನ್ನು ಸಿದ್ಧಪಡಿಸಿದನು. ಆ ಮನವಿ ವ್ಯರ್ಥವಾಯಿತು. ಆದರೆ ತಾನು ಮಾಡಿದುದರ ಎದುರಿನಿಂದ ಆತ ಓಡಿಹೋಗಲಿಲ್ಲವೆಂಬುದಕ್ಕಾಗಿ ನನಗೆ ಅವನಲ್ಲಿ ಅಪಾರ ಗೌರವವಿದೆ.

ಅದೇ ಸರಪಳಿ ಕ್ರಿಯೆ ಕಾರವಾರ ತಾಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಹಿಡಿತಕ್ಕೊಳಪಟ್ಟು ನಡೆಯುತ್ತಿದೆ. ಗಣಿಯಿಂದ ತೆಗೆದ ಯುರೇನಿಯಮ್ಮಿನಲ್ಲಿ ಸುಲಭವಾಗಿ ಒಡೆಯುವ ಭಾಗ ನೂರಕ್ಕೆ ಒಂದರಷ್ಟೂ ಇಲ್ಲ, ಕೇವಲ 0.7; ನ್ಯೂಟ್ರಾನುಗಳ ವೇಗವನ್ನು ತಗ್ಗಿಸಬಲ್ಲ, ಆದರೆ ಅವನ್ನು ಹೆಚ್ಚಾಗಿ ನುಂಗಿಬಿಡದ ಭಾರಜಲವಿರುವುದರಿಂದಲೇ ಅಷ್ಟು ಅಲ್ಪಾಂಶದಿಂದ ಕಾರ್ಯ ಸಾಗುತ್ತದೆ. ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳು ಅಲ್ಲಿವೆ. ಅವುಗಳಲ್ಲಿ ಮೊದಲನೆಯದರ ಚರಿತ್ರೆ ಮನನಯೋಗ್ಯವಾದುದು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಅದರ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಮರುರಚನೆಯಾಗಿ 2000ದಲ್ಲಿ ಕಾರ್ಯಾರಂಭ ಮಾಡಿದ ಆ ಘಟಕವೇ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ, 962 ದಿನಗಳ ಕಾಲ ಒಮ್ಮೆಯೂ ನಿಲ್ಲದೆ ನಡೆದು ಅಂದಿನ ವಿಶ್ವದಾಖಲೆಯನ್ನು ಮೀರಿತು. ನಡೆಯುತ್ತಿರುವಾಗಲೇ ಇಂಧನದ ಕಂತೆಗಳನ್ನು ಬದಲಿಸಬಹುದಾದ ರಚನೆ ಇದಕ್ಕೆ ಒಂದು ಕಾರಣ. ಹಗಲಿರುಳೂ ಪಾಳಿಯ ಮೇಲೆ ಎಚ್ಚರದಿಂದ ಕಾದ ಜನರು ಅದಕ್ಕಿಂತ ದೊಡ್ಡ ಕಾರಣ.

ಕೈಗಾವನ್ನು ವಿರೋಧಿಸಿದವರಲ್ಲಿ ಅಗ್ರಗಣ್ಯರಾದ ಶಿವರಾಮ ಕಾರಂತರು ವಿಜ್ಞಾನದ ವೈರಿಗಳಾಗಿರಲಿಲ್ಲ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಏಕಾಂಗಿಯಾಗಿ ರಚಿಸಿದ ಆ ಮಹನೀಯರು, ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಈ ಜಿಲ್ಲೆಯಿಂದ ನಿಂತು ಸೋತರು. ಅವರ ನಿಲುವನ್ನು ಪೂರ್ಣವಾಗಿ ಒಪ್ಪದವರೂ ಅವರೆತ್ತಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಉರಿದು ಉಳಿದ ಇಂಧನದಲ್ಲಿ ಹುಟ್ಟುವ ಪ್ಲುಟೋನಿಯಮ್ಮು ಅರ್ಧಕ್ಕಿಳಿಯಲು ಸುಮಾರು 24,000 ವರ್ಷಗಳು ಬೇಕು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿಯದು ಬರೆಯಲ್ಪಟ್ಟು ಸುಮಾರು 1,500 ವರ್ಷಗಳಾಗಿವೆ; ಅದನ್ನೇ ಇಂದು ವಿದ್ವಾಂಸರ ನೆರವಿಲ್ಲದೆ ನಾವು ಓದಲಾರೆವು. ಹೀಗಿರುವಾಗ ‘ಇಲ್ಲಿ ಅಗೆಯಬೇಡಿ’ ಎಂಬ ಎಚ್ಚರಿಕೆಯನ್ನು ಯಾವ ಭಾಷೆಯಲ್ಲಿ, ಯಾವ ಲಿಪಿಯಲ್ಲಿ ಕೆತ್ತಿಟ್ಟರೆ ಅಷ್ಟು ದೂರದ ಸಂತತಿಗೆ ತಿಳಿದೀತು? ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಅಣ್ವಸ್ತ್ರ ತಯಾರಿಕೆಯ ತ್ಯಾಜ್ಯವನ್ನು ಭೂಗರ್ಭದ ಉಪ್ಪಿನ ಪದರದಲ್ಲಿ ಹೂಳುವ ಯೋಜನೆಗಾಗಿ, ಮುಂದಿನ 10,000 ವರ್ಷಗಳಲ್ಲಿ ಮನುಷ್ಯರು ಅಲ್ಲಿಗೆ ನುಗ್ಗುವ ಸಂಭವವೆಷ್ಟೆಂದು ಆಲೋಚಿಸಲು ಕರೆದ ಪಂಡಿತರಲ್ಲಿ ಗ್ರೆಗರಿ ಬೆನ್‌ಫೋರ್ಡ್ ಎಂಬ ಭೌತವಿಜ್ಞಾನಿಯೂ ಇದ್ದರು. ಅವರು ಪ್ರಸಿದ್ಧ ವೈಜ್ಞಾನಿಕ ಕಥೆಗಾರರೂ ಹೌದು. ಆಡಳಿತವು ಕಥೆಗಾರನ ಕಲ್ಪನಾಶಕ್ತಿಯನ್ನು ಇಷ್ಟು ಗಂಭೀರವಾಗಿ ಬಳಸಿಕೊಂಡ ಪ್ರಸಂಗಗಳು ವಿರಳ.

ಇದೇ ಜಿಲ್ಲೆಯ ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು, ಹೆದ್ದಾರಿಯ ವಿಸ್ತರಣೆಗೆಂದು ಕಡಿದಿದ್ದ ಗುಡ್ಡ ಕುಸಿದು ಮನುಷ್ಯರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿದಾಗ, ಪ್ರಕೃತಿ ಸೇಡು ತೀರಿಸಿಕೊಂಡಿತೆಂಬ ಮಾತು ಸಹಜವಾಗಿಯೇ ಕೇಳಿಬಂದಿತು. ನನಗೆ ಆ ಮಾತು ಒಪ್ಪಿಗೆಯಾಗದು. ಠಾಕೂರರ ನಾಟಕದ ಪ್ರಕೃತಿ ಗುಡ್ಡವನ್ನುರುಳಿಸಿ ಯಾರನ್ನೂ ದಂಡಿಸುವುದಿಲ್ಲ. ಸಂನ್ಯಾಸಿಯ ಎದೆಯಲ್ಲಿ ಒಂದು ಮಗುವಿನ ಮೇಲಣ ವಾತ್ಸಲ್ಯವನ್ನುಕ್ಕಿಸಿಯೇ ಅವನನ್ನು ಸೋಲಿಸುತ್ತದೆ. ಗುಡ್ಡವನ್ನು ಕಡಿದ ಮೇಲೆ ಮಳೆಗಾಲಕ್ಕೆ ಮುನ್ನ ಅದನ್ನು ನೋಡಿಕೊಳ್ಳಬೇಕಾದ ಹೊಣೆ ಮನುಷ್ಯರದಾಗಿತ್ತು.

ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆಗೆ ಕನ್ನಡದಲ್ಲಿ ದಾರಿ ಮಾಡಿಕೊಟ್ಟಿದ್ದಾರೆ. ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿರುವ ಈ ಕಾಲದಲ್ಲಿ, ಆ ದಾರಿಯಲ್ಲಿ ಬರುವ ತರುಣ ಲೇಖಕನೊಬ್ಬನು ಅಂತರಿಕ್ಷಕ್ಕೆ ಹಾರದೆ, ವಿದ್ಯುತ್ತಿನ ಉತ್ಪಾದನೆ ಎಂದೋ ನಿಂತುಹೋದ ಸ್ಥಾವರವೊಂದನ್ನು ತಲೆತಲಾಂತರದಿಂದ ಕಾಯುತ್ತಿರುವ ಮನೆತನವೊಂದನ್ನು ಕಾಳಿಯ ದಡದಲ್ಲಿ ಕಲ್ಪಿಸಿಕೊಳ್ಳಲಿ. ಕಾಯುವ ಸಂಬಳವನ್ನು ಅವರಿಗೆ ಯಾರು ಕೊಡುತ್ತಾರೆ, ಕಾಯಬೇಕಾದುದೇಕೆಂದು ಅಜ್ಜಿ ಮೊಮ್ಮಗನಿಗೆ ಯಾವ ಮಾತಿನಲ್ಲಿ ತಿಳಿಸುತ್ತಾಳೆ, ಬೇಸತ್ತ ಮೊಮ್ಮಗನು ಮುಂಬಯಿಯ ಬಸ್ಸು ಹತ್ತಿದರೆ ಮಾರನೆಯ ದಿನ ಆ ಬಾಗಿಲ ಬಳಿ ನಿಲ್ಲುವವರಾರು ಎಂಬುದನ್ನೆಲ್ಲ ಬರೆಯಲಿ.